ಮೂರು ಅಕ್ಷಗಳ ಮಿಲ್ಲಿಂಗ್ ಯಂತ್ರದಲ್ಲಿ ಅಂಡರ್‌ಕಟ್ ಕೊರೆಯಲು ಟೂಲ್‌ಪಾತ್ ರಚಿಸುವ ವಿಧಾನ: ಸಣ್ಣ ಉದ್ದಿಮೆದಾರರಿಗೆ ಮಾಹಿತಿ

1. ಪೀಠಿಕೆ

ಗಣಕ ನಿಯಂತ್ರಿತ ಮೂರು ಅಕ್ಷಗಳ ಮಿಲ್ಲಿಂಗ್ ಯಂತ್ರವನ್ನು ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ವಿ.ಎಂ.ಸಿ. ಎಂದು ಕರೆಯಲಾಗುತ್ತದೆ. ರಾಜ್ಯದ ಅನೇಕ ಸಣ್ಣ ಇಂಜಿನಿಯರಿಂಗ್ ಘಟಕಗಳ ಬಂಡವಾಳದಲ್ಲಿ ದೊಡ್ಡ ಪಾಲು ಇಂತಹ ಒಂದೆರಡು ಯಂತ್ರಗಳಲ್ಲಿಯೇ ತೊಡಗಿರುತ್ತದೆ. ಮೇಲಿನಿಂದ ನೇರವಾಗಿ ಕಾಣುವ ಮೇಲ್ಮೈಗಳನ್ನು ಕೊರೆಯುವುದು ಸದರಿ ಯಂತ್ರದ ದಿನನಿತ್ಯದ ಕೆಲಸ. ಆದರೆ ಟಿ-ಸ್ಲಾಟ್, ಡವ್‌ಟೇಲ್, ಬೋರ್‌ನ ಒಳಗಿನ ಸರ್ಕ್ಲಿಪ್ ಗ್ರೂವ್ ಮುಂತಾದವುಗಳನ್ನು ಒಳಗೊಂಡ ಆದೇಶ ಬಂದಾಗ ಘಟಕಗಳು ಎರಡು ಬಗೆಯ ತಪ್ಪಿಗೆ ಒಳಗಾಗುವ ಸಂಭವವಿರುತ್ತದೆ. ಮೊದಲನೆಯದು, ಇದಕ್ಕೆ ಐದು ಅಕ್ಷಗಳ ಯಂತ್ರವೇ ಬೇಕೆಂದು ಭಾವಿಸಿ ಆದೇಶವನ್ನು ಕೈಬಿಡುವುದು. ಎರಡನೆಯದು, ರೂಢಿಯ ಪ್ರೋಗ್ರಾಂ ಮಾದರಿಯಲ್ಲಿಯೇ ಕೆಲಸ ಆರಂಭಿಸಿ ಕಟರ್ ಮತ್ತು ಜಾಬ್ ಎರಡನ್ನೂ ಕಳೆದುಕೊಳ್ಳುವುದು.

ಈ ಎರಡೂ ತಪ್ಪುಗಳನ್ನು ನಿವಾರಿಸಲು ಅನುಕೂಲವಾಗುವಂತೆ ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಓದುಗರು ಮುಖ್ಯವಾಗಿ ಗಮನಿಸಬೇಕಾದ ಅಂಶವೇನೆಂದರೆ, ಅಂಡರ್‌ಕಟ್ ಕೆಲಸದಲ್ಲಿ ಲೋಹವನ್ನು ಕತ್ತರಿಸುವುದಕ್ಕಿಂತ ಕಟರನ್ನು ಒಳಗೆ ಇಳಿಸುವುದು ಮತ್ತು ಹೊರಗೆ ತರುವುದು ಹೆಚ್ಚು ಎಚ್ಚರಿಕೆಯನ್ನು ಬೇಡುತ್ತದೆ. ಸಾಮಾನ್ಯ ಕೆಲಸದಲ್ಲಿ ಅಪಾಯ ಕಂಡೊಡನೆ ಕಟರನ್ನು ನೇರವಾಗಿ ಮೇಲಕ್ಕೆ ಎತ್ತುವುದು ಸುರಕ್ಷಿತ ಕ್ರಮ. ಅಂಡರ್‌ಕಟ್ ಕೆಲಸದಲ್ಲಿ ಅದೇ ಕ್ರಮವು ಅಪಘಾತಕ್ಕೆ ಕಾರಣವಾಗುತ್ತದೆ.

2. ಅಂಡರ್‌ಕಟ್ ಎಂದರೇನು?

ಮೂರು ಅಕ್ಷಗಳ ಯಂತ್ರದಲ್ಲಿ ಎಕ್ಸ್ ಮತ್ತು ವೈ ಅಕ್ಷಗಳು ಸಮತಲದಲ್ಲಿಯೂ, ಝಡ್ ಅಕ್ಷವು ಲಂಬವಾಗಿಯೂ ಚಲಿಸುತ್ತವೆ. ಸ್ಪಿಂಡಲ್ ಯಾವಾಗಲೂ ಲಂಬವಾಗಿಯೇ ಇರುತ್ತದೆ, ಓರೆಯಾಗುವುದಿಲ್ಲ. ಆದುದರಿಂದ ಜಾಬ್‌ನ ಮೇಲೆ ನಿಂತು ಕೆಳಗೆ ನೋಡಿದಾಗ ಯಾವ ಮೇಲ್ಮೈಯು ಮತ್ತೊಂದು ಭಾಗದ ಚಾಚಿನ ಅಡಿಯಲ್ಲಿ ಮರೆಯಾಗಿರುತ್ತದೆಯೋ ಅದನ್ನು ಸಾಮಾನ್ಯ ಎಂಡ್ ಮಿಲ್ ಮುಟ್ಟಲಾರದು. ಹೀಗೆ ಮರೆಯಾದ ಭಾಗವೇ ಅಂಡರ್‌ಕಟ್.

ಕಟರ್‌ನ ತಲೆಯು ಅದರ ಕುತ್ತಿಗೆಗಿಂತ ದಪ್ಪವಾಗಿದ್ದಲ್ಲಿ, ತಲೆಯು ಚಾಚಿನ ಅಡಿಗೆ ಹೋಗಿ ಕುತ್ತಿಗೆಯು ಚಾಚಿನ ಪಕ್ಕದಲ್ಲಿ ಉಳಿಯುತ್ತದೆ. ಮೂರು ಅಕ್ಷಗಳ ಯಂತ್ರದಲ್ಲಿ ಅಂಡರ್‌ಕಟ್ ಕೊರೆಯಲು ಸಾಧ್ಯವಾಗುವುದು ಈ ಒಂದು ಉಪಾಯದಿಂದ. ಇದಕ್ಕೆ ಬಳಸುವ ಕಟರ್‌ಗಳು ಮುಖ್ಯವಾಗಿ ಮೂರು ವಿಧ:

(ಅ) ಟಿ-ಸ್ಲಾಟ್ ಕಟರ್: ತಲೆಯು ಚಪ್ಪಟೆ ಬಿಲ್ಲೆಯ ಆಕಾರದಲ್ಲಿರುತ್ತದೆ. ಟಿ-ಸ್ಲಾಟ್ ಮತ್ತು ನೇರ ಗ್ರೂವ್‌ಗಳಿಗೆ ಸೂಕ್ತ.

(ಆ) ಡವ್‌ಟೇಲ್ ಕಟರ್: ತಲೆಯು ಕೆಳಗೆ ಅಗಲವಾಗಿ, ಮೇಲೆ ಕಿರಿದಾಗಿ ಓರೆ ಅಂಚು ಹೊಂದಿರುತ್ತದೆ. ಸಾಮಾನ್ಯ ಕೋನಗಳು 45 ಮತ್ತು 60 ಡಿಗ್ರಿ.

(ಇ) ಲಾಲಿಪಾಪ್ ಕಟರ್: ತಲೆಯು ಗುಂಡಾಗಿರುತ್ತದೆ. ಬಾಗಿದ ಮೇಲ್ಮೈಗಳ ಅಡಿಭಾಗಕ್ಕೆ ಮತ್ತು ಅಡ್ಡರಂಧ್ರಗಳ ಒಳ ಅಂಚಿನ ಬರ್ ತೆಗೆಯಲು ಉಪಯುಕ್ತ.

3. ಆದೇಶವನ್ನು ಒಪ್ಪಿಕೊಳ್ಳುವ ಮುನ್ನ

ನಕ್ಷೆಯಲ್ಲಿ ಅಂಡರ್‌ಕಟ್ ಕಂಡುಬಂದ ಮಾತ್ರಕ್ಕೆ ವಿಶೇಷ ಕಟರ್ ಖರೀದಿಸುವ ಅಗತ್ಯವಿರುವುದಿಲ್ಲ. ಮೊದಲು ಈ ಕೆಳಕಂಡ ಸಾಧ್ಯತೆಗಳನ್ನು ಪರಿಶೀಲಿಸತಕ್ಕದ್ದು:

(ಅ) ಜಾಬನ್ನು 90 ಡಿಗ್ರಿ ತಿರುಗಿಸಿ ಮತ್ತೊಮ್ಮೆ ಕಟ್ಟಿದಲ್ಲಿ ಮರೆಯಾದ ಮೇಲ್ಮೈಯು ಮೇಲಿನಿಂದ ಕಾಣುತ್ತದೆಯೇ? ಹಾಗಿದ್ದಲ್ಲಿ ಎರಡನೇ ಸೆಟಪ್ ಸಾಕು.

(ಆ) ಜಾಬ್ ದುಂಡಾಗಿದ್ದು, ಗ್ರೂವ್ ಅದರ ಮಧ್ಯರೇಖೆಯ ಸುತ್ತ ಇದ್ದಲ್ಲಿ ಲೇತ್ ಯಂತ್ರದಲ್ಲಿ ಕಡಿಮೆ ವೆಚ್ಚದಲ್ಲಿ ಆಗುವುದಿಲ್ಲವೇ?

(ಇ) ಅಂಡರ್‌ಕಟ್ ಜಾಬ್‌ನ ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ಒಂದೇ ಆಕಾರದಲ್ಲಿದ್ದಲ್ಲಿ ವೈರ್ ಕಟ್ ಯಂತ್ರದಲ್ಲಿ ಮಾಡಿಸಬಹುದೇ?

(ಈ) ಗ್ರಾಹಕರು ಒಪ್ಪಿದಲ್ಲಿ ಭಾಗವನ್ನು ಎರಡು ತುಂಡುಗಳಾಗಿ ಮಾಡಿ ಬೋಲ್ಟ್ ಹಾಕಿ ಜೋಡಿಸಬಹುದೇ?

ಇವುಗಳಲ್ಲಿ ಯಾವುದೂ ಸಾಧ್ಯವಿಲ್ಲದಿದ್ದಲ್ಲಿ, ಅಥವಾ ಎರಡನೇ ಸೆಟಪ್‌ನಿಂದ ಅಳತೆಯ ನಿಖರತೆ ಕೆಡುವ ಸಂಭವವಿದ್ದಲ್ಲಿ, ಮುಂದೆ ವಿವರಿಸಿರುವ ವಿಧಾನವನ್ನು ಅನುಸರಿಸುವುದು ಸೂಕ್ತ.

4. ಕಟರ್ ಆಯ್ಕೆಗೆ ಅಗತ್ಯವಾದ ಲೆಕ್ಕಗಳು

4.1 ಅಡ್ಡ ಚಾಚಿನ ಲೆಕ್ಕ: ತಲೆಯ ವ್ಯಾಸದಿಂದ ಕುತ್ತಿಗೆಯ ವ್ಯಾಸವನ್ನು ಕಳೆದು ಎರಡರಿಂದ ಭಾಗಿಸಿದರೆ ಕಟರ್ ಚಾಚಿನ ಅಡಿಗೆ ಎಷ್ಟು ದೂರ ಹೋಗಬಲ್ಲುದೆಂಬುದು ತಿಳಿಯುತ್ತದೆ. ಈ ಸಂಖ್ಯೆಯು ಅಂಡರ್‌ಕಟ್‌ನ ಆಳಕ್ಕಿಂತ ಹೆಚ್ಚಾಗಿರತಕ್ಕದ್ದು. ಉದಾಹರಣೆಗೆ, ತಲೆ 25 ಮಿ.ಮೀ., ಕುತ್ತಿಗೆ 12 ಮಿ.ಮೀ. ಇದ್ದಲ್ಲಿ ಚಾಚು 6.5 ಮಿ.ಮೀ. ಆಗುತ್ತದೆ. ಸ್ಲಾಟ್‌ನ ಬಾಯಿ 14 ಮಿ.ಮೀ., ಕೆಳಗಿನ ಅಗಲ 25 ಮಿ.ಮೀ. ಇದ್ದಲ್ಲಿ ಒಂದು ಬದಿಯ ಅಂಡರ್‌ಕಟ್ 5.5 ಮಿ.ಮೀ. ಇರುತ್ತದೆ. ಉಳಿದ 1 ಮಿ.ಮೀ. ಕುತ್ತಿಗೆ ಮತ್ತು ಚಾಚಿನ ನಡುವಿನ ತೆರವು.

4.2 ಕುತ್ತಿಗೆಯ ಉದ್ದದ ಲೆಕ್ಕ: ಕುತ್ತಿಗೆಯ ಮೇಲೆ ಶ್ಯಾಂಕ್ ಮತ್ತೆ ದಪ್ಪವಾಗುತ್ತದೆ. ಶ್ಯಾಂಕ್ ಬಾಯಿಗಿಂತ ದಪ್ಪವಿದ್ದಲ್ಲಿ ಕುತ್ತಿಗೆಯ ಉದ್ದವು ಚಾಚಿನ ದಪ್ಪಕ್ಕಿಂತ ಹೆಚ್ಚಿರತಕ್ಕದ್ದು. ಈ ಲೆಕ್ಕ ಬಿಟ್ಟುಹೋದಲ್ಲಿ ಹಲ್ಲು ಲೋಹವನ್ನು ಕತ್ತರಿಸುತ್ತಿರುವಾಗಲೇ ಶ್ಯಾಂಕ್ ಜಾಬ್‌ನ ಮೇಲಂಚನ್ನು ಉಜ್ಜುತ್ತದೆ.

4.3 ಬಿಗಿತದ ಲೆಕ್ಕ: ಕುತ್ತಿಗೆಯ ಬಿಗಿತವು ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. ಕುತ್ತಿಗೆ 12 ಮಿ.ಮೀ. ಬದಲು 10 ಮಿ.ಮೀ. ಆದಲ್ಲಿ ಬಿಗಿತವು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಾಗೆಯೇ, ಹೊರಚಾಚಿದ ಉದ್ದವು ಎರಡು ಪಟ್ಟಾದಲ್ಲಿ ಅದೇ ಬಲಕ್ಕೆ ಬಾಗುವಿಕೆ ಎಂಟು ಪಟ್ಟಾಗುತ್ತದೆ. ಆದುದರಿಂದ ತೆರವು ಹೆಚ್ಚಿರಲಿ ಎಂಬ ಕಾರಣಕ್ಕೆ ಅಗತ್ಯಕ್ಕಿಂತ ಸಣ್ಣ ಅಥವಾ ಉದ್ದವಾದ ಕುತ್ತಿಗೆಯ ಕಟರನ್ನು ಆರಿಸಬಾರದು.

5. ಪ್ರವೇಶ ಮತ್ತು ನಿರ್ಗಮನ: ಬಾಯಿ ದೊಡ್ಡದೋ, ತಲೆ ದೊಡ್ಡದೋ?

ಪ್ರೋಗ್ರಾಂ ಬರೆಯುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಇದರ ಉತ್ತರವನ್ನು ಅನುಸರಿಸಿ ಎಲ್ಲ ಅಂಡರ್‌ಕಟ್ ಕೆಲಸಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೇ ವರ್ಗ: ಬಾಯಿ ದೊಡ್ಡದು, ತಲೆ ಚಿಕ್ಕದು. ಕಟರನ್ನು ಬಾಯಿಯ ನಡುವಿನಿಂದ ನೇರವಾಗಿ ಕೆಳಗಿಳಿಸಿ, ಅನಂತರ ಪಕ್ಕಕ್ಕೆ ಸರಿಸಿ ಕೊರೆಯಬಹುದು. ಹೊರಬರುವಾಗ ಮೊದಲು ನಡುವಿಗೆ ಹಿಂದಿರುಗಿ, ನಂತರ ಮೇಲೇರಬೇಕು. ಬೋರ್‌ನ ಒಳಗಿನ ಗ್ರೂವ್ ಈ ವರ್ಗಕ್ಕೆ ಸೇರುತ್ತದೆ.

ಎರಡನೇ ವರ್ಗ: ತಲೆ ಬಾಯಿಗಿಂತ ದೊಡ್ಡದು, ಆದರೆ ಸ್ಲಾಟ್‌ನ ತುದಿಗಳು ತೆರೆದಿವೆ. ಕಟರ್ ಜಾಬ್‌ನ ಹೊರಗೆ ಕೆಳಗಿಳಿದು ಒಂದು ತುದಿಯಿಂದ ಪ್ರವೇಶಿಸಿ ಮತ್ತೊಂದು ತುದಿಯಿಂದ ಪೂರ್ತಿಯಾಗಿ ಹೊರಬಂದ ಮೇಲೆಯೇ ಮೇಲೇರಬೇಕು. ಸಾಮಾನ್ಯ ಟಿ-ಸ್ಲಾಟ್ ಈ ವರ್ಗಕ್ಕೆ ಸೇರುತ್ತದೆ.

ಮೂರನೇ ವರ್ಗ: ತಲೆ ಬಾಯಿಗಿಂತ ದೊಡ್ಡದು, ಒಂದು ಅಥವಾ ಎರಡೂ ತುದಿಗಳು ಮುಚ್ಚಿವೆ. ಒಂದು ತುದಿ ತೆರೆದಿದ್ದಲ್ಲಿ ಅದೇ ತುದಿಯಿಂದ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಬೇಕು. ಎರಡೂ ಮುಚ್ಚಿದ್ದಲ್ಲಿ ತಲೆಗಿಂತ ತುಸು ದೊಡ್ಡದಾದ ಪ್ರವೇಶ ರಂಧ್ರವನ್ನು ಮೊದಲೇ ಕೊರೆದು, ಅದರಲ್ಲಿಯೇ ಇಳಿದು ಅದರಲ್ಲಿಯೇ ಏರಬೇಕು. ಇಂತಹ ರಂಧ್ರವು ಮೂಲ ನಕ್ಷೆಯಲ್ಲಿ ಇಲ್ಲದಿದ್ದಲ್ಲಿ ಗ್ರಾಹಕರ ಲಿಖಿತ ಒಪ್ಪಿಗೆಯನ್ನು ಪಡೆಯತಕ್ಕದ್ದು.

ಕಿರಿದಾದ ಬಾಯಿಯ ಗಡಿಗೆಯೊಳಗೆ ಕೈ ಹಾಕಿ ಮುಷ್ಟಿ ಬಿಗಿದವನು ಕೈಯನ್ನು ನೇರವಾಗಿ ಹೊರಗೆಳೆಯಲಾರ. ಮೂರೂ ವರ್ಗಗಳಿಗೆ ಅನ್ವಯಿಸುವ ನಿಯಮವೂ ಇದೇ: ತಲೆಯು ಚಾಚಿನ ಅಡಿಯಲ್ಲಿ ಇರುವವರೆಗೆ ಝಡ್ ಅಕ್ಷವನ್ನು ಮೇಲಕ್ಕೆ ಎತ್ತಕೂಡದು.

6. ಉದಾಹರಣೆ ಒಂದು: ಎರಡೂ ತುದಿ ತೆರೆದ ಟಿ-ಸ್ಲಾಟ್

200 ಮಿ.ಮೀ. ಉದ್ದ, 50 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಫಲಕದಲ್ಲಿ ಬಾಯಿ 14 ಮಿ.ಮೀ., ಕೆಳಗಿನ ಅಗಲ 25 ಮಿ.ಮೀ., ಕೆಳಭಾಗದ ಎತ್ತರ 11 ಮಿ.ಮೀ., ಒಟ್ಟು ಆಳ 25 ಮಿ.ಮೀ. ಇರುವ ಸ್ಲಾಟ್ ಬೇಕೆಂದು ಭಾವಿಸೋಣ. ಕಟರ್ ಹೈಸ್ಪೀಡ್ ಸ್ಟೀಲ್‌ನದು. ಅದರ ತಲೆ 25 ಮಿ.ಮೀ., ದಪ್ಪ 11 ಮಿ.ಮೀ., ಕುತ್ತಿಗೆ 12 ಮಿ.ಮೀ., ಹಲ್ಲುಗಳು 8. ಚಾಚಿನ ದಪ್ಪ 14 ಮಿ.ಮೀ. ಆಗಿರುವುದರಿಂದ ಕುತ್ತಿಗೆಯ ಉದ್ದ ಅದಕ್ಕಿಂತ ಹೆಚ್ಚಿರಬೇಕು.

6.1 ಮೊದಲ ಹಂತ: 12 ಮಿ.ಮೀ. ಎಂಡ್ ಮಿಲ್‌ನಿಂದ 14 ಮಿ.ಮೀ. ಅಗಲದ ನೇರ ಸ್ಲಾಟನ್ನು ಪೂರ್ಣ 25 ಮಿ.ಮೀ. ಆಳದವರೆಗೆ ಹಂತಹಂತವಾಗಿ ಕೊರೆಯತಕ್ಕದ್ದು. ಇದರಿಂದ ಟಿ-ಸ್ಲಾಟ್ ಕಟರ್‌ಗೆ ಎರಡು ಬದಿಗಳ ಲೋಹವನ್ನು ತೆಗೆಯುವ ಕೆಲಸ ಮಾತ್ರ ಉಳಿಯುತ್ತದೆ ಮತ್ತು ಲೋಹದ ಚೂರುಗಳಿಗೆ ಹೊರಹೋಗಲು ಜಾಗ ದೊರೆಯುತ್ತದೆ.

6.2 ವೇಗದ ಲೆಕ್ಕ: ಕತ್ತರಿಸುವ ವೇಗ ನಿಮಿಷಕ್ಕೆ 25 ಮೀಟರ್ ಎಂದು ತೆಗೆದುಕೊಂಡಲ್ಲಿ ಸ್ಪಿಂಡಲ್ ವೇಗ ನಿಮಿಷಕ್ಕೆ ಸುಮಾರು 320 ಸುತ್ತು. ಪ್ರತಿ ಹಲ್ಲಿಗೆ 0.03 ಮಿ.ಮೀ. ಫೀಡ್ ಎಂದಾದಲ್ಲಿ 320 × 8 × 0.03, ಅಂದರೆ ನಿಮಿಷಕ್ಕೆ ಸುಮಾರು 75 ಮಿ.ಮೀ.

6.3 ಪ್ರೋಗ್ರಾಂ ಕ್ರಮ: ಫಲಕದ ಎಡ ತುದಿ, ಸ್ಲಾಟ್‌ನ ಮಧ್ಯರೇಖೆ ಮತ್ತು ಫಲಕದ ಮೇಲ್ಮೈ ಸೇರುವ ಬಿಂದುವನ್ನು ಶೂನ್ಯವೆಂದು ಇಟ್ಟುಕೊಳ್ಳಲಾಗಿದೆ. ಸಂಕೇತಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡಲಾಗಿದ್ದು, ಯಂತ್ರದಲ್ಲಿ ರೋಮನ್ ಅಕ್ಷರಗಳಲ್ಲಿ ನಮೂದಿಸಬೇಕು.

ಟಿ02 ಎಂ06: ಟಿ-ಸ್ಲಾಟ್ ಕಟರ್
ಜಿ90 ಜಿ54 ಜಿ00 ಎಕ್ಸ್-20.0 ವೈ0: ಫಲಕದ ಹೊರಗೆ ನಿಲುಗಡೆ
ಎಸ್320 ಎಂ03: ಸ್ಪಿಂಡಲ್ ಆರಂಭ
ಜಿ43 ಎಚ್02 ಝಡ್50.0: ಉದ್ದದ ಆಫ್‌ಸೆಟ್
ಜಿ00 ಝಡ್-25.0: ಫಲಕದ ಹೊರಗೆ ಕೆಳಗಿಳಿಯುವುದು
ಎಂ08: ಕೂಲೆಂಟ್ ಆರಂಭ
ಜಿ01 ಎಕ್ಸ್220.0 ಎಫ್75: ಕೊರೆಯುತ್ತಾ ಮತ್ತೊಂದು ತುದಿಯಿಂದ ಹೊರಬರುವುದು
ಜಿ00 ಝಡ್50.0: ಹೊರಬಂದ ಮೇಲೆ ಮೇಲೇರುವುದು
ಎಂ09
ಜಿ91 ಜಿ28 ಝಡ್0
ಎಂ30

ಕಟರ್‌ನ ತ್ರಿಜ್ಯ 12.5 ಮಿ.ಮೀ. ಆಗಿರುವುದರಿಂದ ಎಕ್ಸ್-20.0 ರಲ್ಲಿ ಫಲಕಕ್ಕೂ ಕಟರ್‌ಗೂ ನಡುವೆ 7.5 ಮಿ.ಮೀ. ಅಂತರವಿರುತ್ತದೆ. ಎಕ್ಸ್220.0 ರಲ್ಲಿಯೂ ಅಷ್ಟೇ ಅಂತರ ಉಳಿಯುತ್ತದೆ. ಪ್ರೋಗ್ರಾಂ ಬರೆಯುವವರು ಎಕ್ಸ್200.0 ಎಂದು ನಿಲ್ಲಿಸಿದಲ್ಲಿ ಕಟರ್‌ನ ಮಧ್ಯಬಿಂದು ಮಾತ್ರ ತುದಿಯನ್ನು ತಲುಪಿ, ಅರ್ಧ ತಲೆಯು ಚಾಚಿನ ಅಡಿಯಲ್ಲಿಯೇ ಉಳಿದಿರುತ್ತದೆ. ಅನಂತರ ಬರುವ ಝಡ್50.0 ಆದೇಶವು ಕಟರನ್ನು ಮುರಿಯುತ್ತದೆ.

ಕಟರ್ ಕೆಳಗಿಳಿಯುವ ಸ್ಥಳದಲ್ಲಿ ವೈಸ್‌ನ ದವಡೆಯಾಗಲಿ, ಕ್ಲ್ಯಾಂಪ್ ಆಗಲಿ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಅಲ್ಲದೆ ಎಕ್ಸ್ ಮತ್ತು ಝಡ್ ಚಲನೆಗಳನ್ನು ಒಂದೇ ಜಿ00 ಸಾಲಿನಲ್ಲಿ ಬರೆಯಬಾರದು. ಜಿ00 ಚಲನೆಯಲ್ಲಿ ಕಟರ್ ನೇರ ರೇಖೆಯಲ್ಲಿಯೇ ಸಾಗುತ್ತದೆಂಬ ಖಾತರಿ ಎಲ್ಲ ಯಂತ್ರಗಳಲ್ಲಿಯೂ ಇರುವುದಿಲ್ಲ.

6.4 ಚೂರುಗಳ ನಿರ್ವಹಣೆ: ಟಿ-ಸ್ಲಾಟ್ ಕಟರ್ ಮುರಿಯಲು ಮುಖ್ಯ ಕಾರಣಗಳಲ್ಲಿ ಒಂದು, ಚಾಚಿನ ಅಡಿಯಲ್ಲಿ ಲೋಹದ ಚೂರುಗಳು ತುಂಬಿಕೊಳ್ಳುವುದು. ಕೂಲೆಂಟ್ ಧಾರೆಯನ್ನು ಅಥವಾ ಒತ್ತಡದ ಗಾಳಿಯನ್ನು ಕಟರ್‌ನ ಹಿಂಬದಿಗೆ ಗುರಿಯಿಡತಕ್ಕದ್ದು. ಚೂರುಗಳು ಸಿಕ್ಕಿಕೊಂಡ ಶಬ್ದ ಬಂದಲ್ಲಿ ಫೀಡ್ ನಿಲ್ಲಿಸಿ, ಬಂದ ದಾರಿಯಲ್ಲಿಯೇ ಕಟರನ್ನು ಹಿಂದಕ್ಕೆ ತರಬೇಕು. ಕಟರ್ ಫಲಕವನ್ನು ಪ್ರವೇಶಿಸುವಾಗ ಮೊದಲ 25 ಮಿ.ಮೀ. ದೂರಕ್ಕೆ ಫೀಡನ್ನು ಅರ್ಧಕ್ಕೆ ಇಳಿಸುವುದು ಒಳ್ಳೆಯದು.

7. ಉದಾಹರಣೆ ಎರಡು: ಬೋರ್‌ನ ಒಳಗಿನ ಸರ್ಕ್ಲಿಪ್ ಗ್ರೂವ್

40 ಮಿ.ಮೀ. ಬೋರ್‌ನಲ್ಲಿ 42.5 ಮಿ.ಮೀ. ವ್ಯಾಸದ, 1.85 ಮಿ.ಮೀ. ಅಗಲದ ಗ್ರೂವ್ ಬೇಕಾಗಿದ್ದು, ಗ್ರೂವ್‌ನ ಕೆಳ ಅಂಚು ಮೇಲ್ಮೈಯಿಂದ 20 ಮಿ.ಮೀ. ಆಳದಲ್ಲಿದೆ ಎಂದು ಭಾವಿಸೋಣ. ಕಟರ್‌ನ ತಲೆ 30 ಮಿ.ಮೀ., ಕುತ್ತಿಗೆ 20 ಮಿ.ಮೀ., ತಲೆಯ ದಪ್ಪ 1.5 ಮಿ.ಮೀ. ಇಲ್ಲಿ ಬಾಯಿ ದೊಡ್ಡದು, ತಲೆ ಚಿಕ್ಕದು. ಆದುದರಿಂದ ಇದು ಮೊದಲನೇ ವರ್ಗದ ಕೆಲಸ.

7.1 ಪಥ: ಬೋರ್‌ನ ಕೇಂದ್ರವನ್ನು ಶೂನ್ಯವೆಂದು ತೆಗೆದುಕೊಂಡಲ್ಲಿ, ಕಟರ್‌ನ ಕೇಂದ್ರವು 42.5 ರಿಂದ 30 ನ್ನು ಕಳೆದು ಎರಡರಿಂದ ಭಾಗಿಸಿದ, ಅಂದರೆ 6.25 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ ಸುತ್ತಬೇಕು. ಕೇಂದ್ರದಲ್ಲಿ ಝಡ್-20.0 ವರೆಗೆ ಇಳಿದ ನಂತರ ಕ್ರಮ ಹೀಗಿರುತ್ತದೆ:

ಜಿ03 ಎಕ್ಸ್6.25 ವೈ0 ಐ3.125 ಜೆ0 ಎಫ್15: ಅರ್ಧವೃತ್ತದಲ್ಲಿ ಪ್ರವೇಶ
ಜಿ03 ಎಕ್ಸ್6.25 ವೈ0 ಐ-6.25 ಜೆ0: ಪೂರ್ಣ ಸುತ್ತು
ಜಿ03 ಎಕ್ಸ್0 ವೈ0 ಐ-3.125 ಜೆ0: ಅರ್ಧವೃತ್ತದಲ್ಲಿ ಕೇಂದ್ರಕ್ಕೆ ಹಿಂದಿರುಗುವುದು

ಅರ್ಧವೃತ್ತದ ಮೂಲಕ ಪ್ರವೇಶಿಸುವುದರಿಂದ ಕಟರ್ ಗೋಡೆಯನ್ನು ಸ್ಪರ್ಶರೇಖೆಯಲ್ಲಿ ಮುಟ್ಟುತ್ತದೆ, ಗ್ರೂವ್‌ನ ತಳದಲ್ಲಿ ಗುರುತು ಉಳಿಯುವುದಿಲ್ಲ.

7.2 ಫೀಡ್‌ನ ಬಗ್ಗೆ ಎಚ್ಚರಿಕೆ: ಮೇಲಿನ ಕ್ರಮದಲ್ಲಿ ಪ್ರೋಗ್ರಾಂನಲ್ಲಿ ಬರೆದ ಫೀಡ್ ಕಟರ್‌ನ ಕೇಂದ್ರಕ್ಕೆ ಅನ್ವಯಿಸುತ್ತದೆ. ಆದರೆ ಲೋಹವನ್ನು ಕತ್ತರಿಸುವ ಅಂಚು ಅದಕ್ಕಿಂತ ದೊಡ್ಡ ವೃತ್ತದಲ್ಲಿ ಸಾಗುತ್ತದೆ. ಈ ಉದಾಹರಣೆಯಲ್ಲಿ ಅಂಚಿನ ವೃತ್ತದ ವ್ಯಾಸ 42.5 ಮಿ.ಮೀ., ಕೇಂದ್ರದ ವೃತ್ತದ ವ್ಯಾಸ 12.5 ಮಿ.ಮೀ. ಅಂಚಿನಲ್ಲಿ ನಿಮಿಷಕ್ಕೆ 50 ಮಿ.ಮೀ. ಫೀಡ್ ಬೇಕಾದಲ್ಲಿ ಪ್ರೋಗ್ರಾಂನಲ್ಲಿ ಸುಮಾರು 15 ಎಂದು ಬರೆಯಬೇಕು. 50 ಎಂದೇ ಬರೆದಲ್ಲಿ ಅಂಚಿನ ಫೀಡ್ 170 ಆಗುತ್ತದೆ ಮತ್ತು ತೆಳುವಾದ ಹಲ್ಲುಗಳು ಅದನ್ನು ತಾಳಲಾರವು.

7.3 ಅಗಲವನ್ನು ಸರಿಪಡಿಸುವುದು: ಕಟರ್‌ನ ದಪ್ಪ 1.5 ಮಿ.ಮೀ. ಇರುವುದರಿಂದ ಎರಡನೇ ಸುತ್ತು ಅಗತ್ಯ. ಮೊದಲ ಸುತ್ತಿನ ನಂತರ ಕೇಂದ್ರಕ್ಕೆ ಹಿಂದಿರುಗಿ, ಅಲ್ಲಿ ಝಡ್-19.65 ಕ್ಕೆ ಏರಿ, ಮತ್ತೊಮ್ಮೆ ಅದೇ ಪಥದಲ್ಲಿ ಸುತ್ತಬೇಕು. ಗ್ರೂವ್‌ನ ಒಳಗೆ ಇರುವಾಗಲೇ 0.35 ಮಿ.ಮೀ. ಮೇಲೇರಿಸಬಾರದು.

ಕಟರನ್ನು ಸಾಣೆ ಹಿಡಿಸಿದ ಮೇಲೆ ಅದರ ದಪ್ಪ ಬದಲಾಗಿರಬಹುದು. ದಪ್ಪ 1.46 ಮಿ.ಮೀ. ಆಗಿದ್ದಲ್ಲಿ ಎರಡನೇ ಸುತ್ತು ಝಡ್-19.61 ರಲ್ಲಿ ಆಗಬೇಕು. ಪ್ರತಿ ಬಾರಿಯೂ ಪ್ರೋಗ್ರಾಂ ತಿದ್ದುವುದನ್ನು ತಪ್ಪಿಸಲು ಒಂದೇ ಕಟರ್‌ಗೆ ಎರಡು ಆಫ್‌ಸೆಟ್ ಸಂಖ್ಯೆಗಳನ್ನು ಕೊಡುವುದು ಉತ್ತಮ ಪದ್ಧತಿ. ಒಂದು ಕೆಳ ಅಂಚಿನ ಉದ್ದ, ಮತ್ತೊಂದು ಅದರಿಂದ ದಪ್ಪವನ್ನು ಕಳೆದ ಮೇಲಂಚಿನ ಉದ್ದ. ಆಗ ನಕ್ಷೆಯಲ್ಲಿರುವ ಆಳಗಳನ್ನೇ, ಅಂದರೆ ಝಡ್-20.0 ಮತ್ತು ಝಡ್-18.15 ನ್ನು, ಪ್ರೋಗ್ರಾಂನಲ್ಲಿ ನೇರವಾಗಿ ಬರೆಯಬಹುದು. ಆಫ್‌ಸೆಟ್ ಬದಲಾಯಿಸಿದಾಗ ಝಡ್ ಅಕ್ಷವು ಚಲಿಸುವುದರಿಂದ ಈ ಬದಲಾವಣೆಯನ್ನು ಕೇಂದ್ರದಲ್ಲಿರುವಾಗ ಮಾತ್ರ ಮಾಡತಕ್ಕದ್ದು.

8. ಡವ್‌ಟೇಲ್ ಮತ್ತು ಬಾಗಿದ ಮೇಲ್ಮೈಗಳು

8.1 ಡವ್‌ಟೇಲ್ ಸ್ಲಾಟ್‌ನಲ್ಲಿ ಮೊದಲು ನೇರ ಸ್ಲಾಟ್ ಕೊರೆದು, ಅನಂತರ ಓರೆ ಗೋಡೆಗಳನ್ನು ಅಲ್ಪ ಅಲ್ಪವಾಗಿ ತೆಗೆಯಬೇಕು. ಡವ್‌ಟೇಲ್ ಕಟರ್‌ನ ಚೂಪಾದ ಮೂಲೆಯು ಬಲಹೀನವಾಗಿರುವುದೇ ಇದಕ್ಕೆ ಕಾರಣ. ಅಳತೆಯನ್ನು ಎರಡು ನಿಖರ ರೋಲರ್‌ಗಳ ಸಹಾಯದಿಂದ ತೆಗೆಯಲಾಗುತ್ತದೆ. 60 ಡಿಗ್ರಿ ಕೋನದ ಸ್ಲಾಟ್‌ಗೆ, ಕೆಳಗಿನ ಅಗಲದಿಂದ ರೋಲರ್ ವ್ಯಾಸದ 2.732 ಪಟ್ಟನ್ನು ಕಳೆದರೆ ರೋಲರ್‌ಗಳ ನಡುವಿನ ಅಂತರ ದೊರೆಯುತ್ತದೆ. ಕೆಳಗಿನ ಅಗಲ 40 ಮಿ.ಮೀ., ರೋಲರ್ 6 ಮಿ.ಮೀ. ಇದ್ದಲ್ಲಿ ಸದರಿ ಅಂತರವು 23.608 ಮಿ.ಮೀ. ಆಗಿರಬೇಕು. ಇದೇ ಸ್ಲಾಟ್‌ನ ಆಳ 10 ಮಿ.ಮೀ. ಇದ್ದಲ್ಲಿ ಬಾಯಿಯ ಅಗಲ ಸುಮಾರು 28.45 ಮಿ.ಮೀ. ಆಗುತ್ತದೆ. 20 ಮಿ.ಮೀ. ಕಟರ್ ಇದರ ಮೂಲಕ ಮೇಲಿನಿಂದಲೇ ಇಳಿಯಬಲ್ಲುದು, 32 ಮಿ.ಮೀ. ಕಟರ್ ತುದಿಯಿಂದಲೇ ಬರಬೇಕು. ಕಟರ್ ಬದಲಾದೊಡನೆ ಕೆಲಸದ ವರ್ಗವೂ ಬದಲಾಗುತ್ತದೆಂಬುದಕ್ಕೆ ಇದು ನಿದರ್ಶನ.

8.2 ಲಾಲಿಪಾಪ್ ಕಟರ್‌ನ ಗುಂಡುತಲೆಯ ಮೇಲ್ಭಾಗವನ್ನು ಕುತ್ತಿಗೆಯು ಆವರಿಸಿರುತ್ತದೆ. ತಲೆ 10 ಮಿ.ಮೀ., ಕುತ್ತಿಗೆ 6 ಮಿ.ಮೀ. ಇದ್ದಲ್ಲಿ ಗುಂಡಿನ ನಡುರೇಖೆಯಿಂದ ಮೇಲಕ್ಕೆ ಸುಮಾರು 53 ಡಿಗ್ರಿಯವರೆಗೆ ಮಾತ್ರ ಹಲ್ಲು ದೊರೆಯುತ್ತದೆ ಮತ್ತು ಅಡ್ಡ ಚಾಚು ಕೇವಲ 2 ಮಿ.ಮೀ. ಆಗಿರುತ್ತದೆ. ಇದಕ್ಕಿಂತ ಹೆಚ್ಚು ಒಳಸರಿದ ಮೇಲ್ಮೈಯನ್ನು ಈ ಕಟರ್‌ನಿಂದ ಕೊರೆಯಲಾಗದು. ಪಥಗಳ ನಡುವಿನ ಅಂತರ 0.3 ಮಿ.ಮೀ. ಇಟ್ಟಲ್ಲಿ, ಸಮತಟ್ಟಾದ ಮೇಲ್ಮೈಯಲ್ಲಿ ಉಳಿಯುವ ಗೆರೆಗಳ ಎತ್ತರ ಸುಮಾರು 0.002 ಮಿ.ಮೀ. ಆಗುತ್ತದೆ. ಅಂತರವನ್ನು ಇನ್ನೂ ಕಡಿಮೆ ಮಾಡಿದಲ್ಲಿ ಸಮಯ ಹೆಚ್ಚುವುದಲ್ಲದೆ ಪ್ರಯೋಜನ ಅಲ್ಪ.

9. ಕ್ಯಾಮ್ ತಂತ್ರಾಂಶ ಬಳಸುವವರು ಗಮನಿಸಬೇಕಾದ ಅಂಶಗಳು

(ಅ) ಟಿ-ಸ್ಲಾಟ್ ಮತ್ತು ಗ್ರೂವ್‌ಗಳಿಗೆ ಮೂರು ಆಯಾಮಗಳ ವಿಶೇಷ ಸೌಲಭ್ಯದ ಅಗತ್ಯವಿಲ್ಲ. ಸಾಮಾನ್ಯ ಎರಡು ಆಯಾಮಗಳ ಕಾಂಟೂರ್ ಪಥವೇ ಸಾಕಾಗುತ್ತದೆ.

(ಆ) ತಂತ್ರಾಂಶದ ಪೂರ್ವನಿಯೋಜಿತ ನಿರ್ಗಮನವು ಸಾಮಾನ್ಯವಾಗಿ ನೇರವಾಗಿ ಮೇಲಕ್ಕೆ ಇರುತ್ತದೆ. ಪ್ರತಿ ಪಥದ ಕೊನೆಯಲ್ಲಿಯೂ, ಎರಡು ಪಥಗಳ ನಡುವಿನ ಜೋಡಣೆಯಲ್ಲಿಯೂ ಇದನ್ನು ಬದಲಾಯಿಸಿ, ಮೊದಲು ಅಡ್ಡಲಾಗಿ ಹೊರಬರುವಂತೆ ಮಾಡತಕ್ಕದ್ದು.

(ಇ) ಕಟರನ್ನು ನಮೂದಿಸುವಾಗ ತಲೆಯ ಜೊತೆಗೆ ಕುತ್ತಿಗೆ, ಶ್ಯಾಂಕ್ ಮತ್ತು ಹೋಲ್ಡರ್‌ಗಳ ಅಳತೆಗಳನ್ನೂ ಕೊಡತಕ್ಕದ್ದು. ಕೊಡದಿದ್ದಲ್ಲಿ ಘರ್ಷಣೆಯ ಪರಿಶೀಲನೆಯು ಅರ್ಥಹೀನವಾಗುತ್ತದೆ.

(ಈ) ಕೆಲವು ಸರಳ ಸಿಮ್ಯುಲೇಷನ್‌ಗಳು ಜಾಬನ್ನು ಎತ್ತರಗಳ ನಕ್ಷೆಯಾಗಿ, ಅಂದರೆ ಪ್ರತಿಯೊಂದು ಎಕ್ಸ್-ವೈ ಬಿಂದುವಿಗೆ ಒಂದೇ ಎತ್ತರದಂತೆ, ದಾಖಲಿಸುತ್ತವೆ. ಚಾಚಿನ ಮೇಲೆ ಒಂದು ಎತ್ತರ, ಅಡಿಯಲ್ಲಿ ಮತ್ತೊಂದು ಎತ್ತರ ಇರುವ ಅಂಡರ್‌ಕಟ್ಟನ್ನು ಈ ಪದ್ಧತಿಯು ತೋರಿಸಲಾರದು. ಇಂತಹ ಸಿಮ್ಯುಲೇಷನ್‌ನಲ್ಲಿ ದೋಷ ಕಾಣದಿದ್ದ ಮಾತ್ರಕ್ಕೆ ಪ್ರೋಗ್ರಾಂ ಸುರಕ್ಷಿತವೆಂದು ಭಾವಿಸಕೂಡದು. ಘನರೂಪದ ಸಿಮ್ಯುಲೇಷನ್ ಬಳಸತಕ್ಕದ್ದು.

(ಉ) ಪೋಸ್ಟ್ ಪ್ರೊಸೆಸರ್ ತಾನಾಗಿಯೇ ಸೇರಿಸುವ ಸಾಲುಗಳನ್ನು ಓದಿ ನೋಡತಕ್ಕದ್ದು. ಜಿ28, ಎಂ06 ಆದೇಶಗಳು ಬಹುತೇಕ ವಿ.ಎಂ.ಸಿ.ಗಳಲ್ಲಿ ಝಡ್ ಅಕ್ಷವನ್ನು ಮೇಲಕ್ಕೆ ಒಯ್ಯುತ್ತವೆ. ಕೆಲವು ಯಂತ್ರಗಳಲ್ಲಿ ಜಿ49 ಆದೇಶವೂ ಝಡ್ ಚಲನೆಯನ್ನು ಉಂಟುಮಾಡುತ್ತದೆ.

10. ಕೆಲಸ ಮಧ್ಯದಲ್ಲಿ ನಿಂತಲ್ಲಿ ಅನುಸರಿಸಬೇಕಾದ ಕ್ರಮ

ವಿದ್ಯುತ್ ಕಡಿತ, ತುರ್ತು ನಿಲುಗಡೆ ಅಥವಾ ಅಲಾರಂ ಕಾರಣದಿಂದ ಕಟರ್ ಚಾಚಿನ ಅಡಿಯಲ್ಲಿರುವಾಗಲೇ ಯಂತ್ರ ನಿಲ್ಲಬಹುದು. ವಿದ್ಯುತ್ ಬಂದ ನಂತರ ಮೊದಲು ಝಡ್ ಅಕ್ಷವನ್ನು ಮೂಲಸ್ಥಾನಕ್ಕೆ ಕಳುಹಿಸುವುದು ಆಪರೇಟರ್‌ಗಳಿಗೆ ಕಲಿಸಿರುವ ಪಾಠ. ಪಾಳಿ ಬದಲಾಗಿದ್ದಲ್ಲಿ ಹೊಸದಾಗಿ ಬಂದ ಆಪರೇಟರ್‌ಗೆ ಕಟರ್‌ನ ತಲೆ ಎಲ್ಲಿದೆಯೆಂಬುದು ಮೇಲಿನಿಂದ ಕಾಣುವುದೂ ಇಲ್ಲ. ಆದುದರಿಂದ:

(ಅ) ಝಡ್ ಅಕ್ಷವನ್ನು ಮುಟ್ಟದೆ, ಹ್ಯಾಂಡ್‌ವೀಲ್ ಸಹಾಯದಿಂದ ಕಟರನ್ನು ಸ್ಲಾಟ್‌ನ ದಿಕ್ಕಿನಲ್ಲಿಯೇ, ಬಂದ ದಾರಿಯಲ್ಲಿ ನಿಧಾನವಾಗಿ ಹೊರತರಬೇಕು. ಗ್ರೂವ್ ಆಗಿದ್ದಲ್ಲಿ ಬೋರ್‌ನ ಕೇಂದ್ರಕ್ಕೆ ತರಬೇಕು.

(ಆ) ಹಾಗೆ ಚಲಿಸಲು ಸಾಧ್ಯವಾಗದಿದ್ದಲ್ಲಿ, ಸ್ಪಿಂಡಲ್ ಪೂರ್ತಿಯಾಗಿ ನಿಂತಿರುವುದನ್ನು ಖಚಿತಪಡಿಸಿಕೊಂಡು, ಹೋಲ್ಡರನ್ನು ದಪ್ಪ ಬಟ್ಟೆಯಿಂದ ಹಿಡಿದು ಸ್ಪಿಂಡಲ್‌ನಿಂದ ಬಿಡಿಸಬೇಕು. ಕೈಯನ್ನು ದೂರ ಸರಿಸಿದ ಮೇಲೆ ಸ್ಪಿಂಡಲನ್ನು ಮಾತ್ರ ಮೇಲೆತ್ತಿ, ಹೋಲ್ಡರ್ ಸಮೇತ ಕಟರನ್ನು ಸ್ಲಾಟ್‌ನಿಂದ ಸರಿಸಿ ತೆಗೆಯಬಹುದು.

(ಇ) ಅಂಡರ್‌ಕಟ್ ಕೆಲಸ ನಡೆಯುವ ಯಂತ್ರದ ನಿಯಂತ್ರಣ ಫಲಕದ ಮೇಲೆ “ಅಂಡರ್‌ಕಟ್ ಕೆಲಸ ನಡೆಯುತ್ತಿದೆ. ಝಡ್ ಎತ್ತಬೇಡಿ” ಎಂಬ ಸೂಚನಾ ಚೀಟಿಯನ್ನು ಅಂಟಿಸತಕ್ಕದ್ದು. ಚೀಟಿಯಲ್ಲಿ ಕಟರ್ ಹೊರಬರಬೇಕಾದ ದಿಕ್ಕನ್ನೂ ಬಾಣದ ಗುರುತಿನಿಂದ ತೋರಿಸತಕ್ಕದ್ದು.

ಗಟ್ಟಿಯಾದ ಕಟರ್ ಮುರಿದಾಗ ಅದರ ಚೂರು ವೇಗವಾಗಿ ಸಿಡಿಯುತ್ತದೆ. ಕೆಲಸ ನಡೆಯುವಾಗ ಯಂತ್ರದ ಬಾಗಿಲು ಮುಚ್ಚಿರುವುದು ಮತ್ತು ಆಪರೇಟರ್ ರಕ್ಷಣಾ ಕನ್ನಡಕ ಧರಿಸುವುದು ಕಡ್ಡಾಯ.

11. ವೆಚ್ಚದ ದೃಷ್ಟಿಯಿಂದ

ಮೊದಲ ಉದಾಹರಣೆಯಲ್ಲಿ ಕಟರ್ ಸಾಗುವ ದೂರ 240 ಮಿ.ಮೀ., ಫೀಡ್ 75. ಹಿಡಿಯುವ ಸಮಯ 3.2 ನಿಮಿಷ. ಲೆಕ್ಕದ ಅನುಕೂಲಕ್ಕಾಗಿ ಯಂತ್ರದ ದರ ಗಂಟೆಗೆ ರೂ. 600, ಕಟರ್‌ನ ಬೆಲೆ ರೂ. 1,500 ಎಂದು ಭಾವಿಸಿದಲ್ಲಿ, ಈ ಕೊರೆತದ ವೆಚ್ಚ ರೂ. 32 ಆಗುತ್ತದೆ. ಫೀಡನ್ನು ಎರಡು ಪಟ್ಟು ಹೆಚ್ಚಿಸಿದಲ್ಲಿ ಉಳಿಯುವುದು ರೂ. 16. ಆದರೆ ಒಂದು ಕಟರ್ ಮುರಿದಲ್ಲಿ ಆ ನಷ್ಟವನ್ನು ತುಂಬಲು 94 ಜಾಬ್‌ಗಳ ಉಳಿತಾಯ ಬೇಕಾಗುತ್ತದೆ. ಇದರಲ್ಲಿ ಹಾಳಾದ ಜಾಬ್‌ನ ಬೆಲೆ ಸೇರಿಲ್ಲ. ಜಾಬ್‌ನ ಮೇಲೆ ಅದಕ್ಕೂ ಮೊದಲು ಎಂಟು ಗಂಟೆಗಳ ಕೆಲಸ ನಡೆದಿದ್ದಲ್ಲಿ ಯಂತ್ರದ ವೆಚ್ಚವೇ ರೂ. 4,800 ಆಗಿರುತ್ತದೆ. ಉದ್ದಿಮೆದಾರರು ತಮ್ಮ ಘಟಕದ ನಿಜವಾದ ದರಗಳನ್ನು ಬಳಸಿ ಇದೇ ಲೆಕ್ಕವನ್ನು ಮಾಡಿಕೊಳ್ಳುವುದು ಸೂಕ್ತ.

ಅಂಡರ್‌ಕಟ್ ಕೆಲಸವನ್ನು ಸಾಮಾನ್ಯವಾಗಿ ಜಾಬ್‌ನ ಕೊನೆಯ ಹಂತಗಳಲ್ಲಿ ಇರಿಸಿಕೊಳ್ಳುವುದು ರೂಢಿ. ಅಳತೆಗೆ ಅಡ್ಡಿಯಾಗದಿದ್ದಲ್ಲಿ ಅದನ್ನು ಆದಷ್ಟು ಮೊದಲೇ ಮಾಡುವುದರಿಂದ, ಒಂದು ವೇಳೆ ಜಾಬ್ ಹಾಳಾದರೂ ಕಳೆದುಕೊಳ್ಳುವ ದುಡಿಮೆ ಕಡಿಮೆಯಾಗುತ್ತದೆ.

12. ಪರಿಶೀಲನಾ ಪಟ್ಟಿ

ಸೈಕಲ್ ಸ್ಟಾರ್ಟ್ ಗುಂಡಿ ಒತ್ತುವ ಮುನ್ನ ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

1) ತಲೆ, ಕುತ್ತಿಗೆ ಮತ್ತು ತಲೆಯ ದಪ್ಪವನ್ನು ಮೈಕ್ರೋಮೀಟರ್‌ನಿಂದ ಅಳೆಯಲಾಗಿದೆಯೇ?
2) ಕೆಲಸವು ಮೂರರಲ್ಲಿ ಯಾವ ವರ್ಗಕ್ಕೆ ಸೇರುತ್ತದೆಂದು ಸೆಟಪ್ ಹಾಳೆಯಲ್ಲಿ ಬರೆಯಲಾಗಿದೆಯೇ?
3) ಪ್ರತಿಯೊಂದು ಝಡ್ ಏರಿಕೆಗೂ ಮೊದಲು ತಲೆಯು ಚಾಚಿನಿಂದ ಪೂರ್ತಿ ಹೊರಬಂದಿದೆಯೇ?
4) ನೇರ ಸ್ಲಾಟ್ ಅಥವಾ ಪ್ರವೇಶ ರಂಧ್ರವನ್ನು ಮೊದಲೇ ಕೊರೆಯಲಾಗಿದೆಯೇ?
5) ವೃತ್ತಾಕಾರದ ಪಥದಲ್ಲಿ ಕೇಂದ್ರದ ಫೀಡನ್ನು ತಗ್ಗಿಸಲಾಗಿದೆಯೇ?
6) ಮೊದಲ ಬಾರಿಗೆ ಕಟರನ್ನು ಜಾಬ್‌ನ ಮೇಲೆ ಎತ್ತರದಲ್ಲಿಟ್ಟು, ಒಂದೊಂದೇ ಸಾಲಿನಂತೆ ಪ್ರೋಗ್ರಾಂ ನಡೆಸಿ ನೋಡಲಾಗಿದೆಯೇ?
7) ಸೂಚನಾ ಚೀಟಿಯನ್ನು ಅಂಟಿಸಲಾಗಿದೆಯೇ?

13. ತರಬೇತಿ ಮತ್ತು ಸಲಹೆ

ಉಪಕರಣ ಮತ್ತು ಅಚ್ಚು ತಯಾರಿಕೆಯ ಕ್ಷೇತ್ರದಲ್ಲಿ ತರಬೇತಿ ನೀಡಲು ಡೆನ್ಮಾರ್ಕ್ ಸರ್ಕಾರದ ಸಹಕಾರದೊಂದಿಗೆ 1972 ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ರಾಜ್ಯದ ವಿವಿಧ ಸ್ಥಳಗಳಲ್ಲಿ ಶಾಖೆಗಳನ್ನು ಹೊಂದಿದೆ. ಯಂತ್ರೋಪಕರಣಗಳ ಸಂಶೋಧನೆಗಾಗಿ 1962 ರಲ್ಲಿ ಸ್ಥಾಪಿತವಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯೂ ಬೆಂಗಳೂರಿನಲ್ಲಿದೆ. ಆಸಕ್ತ ಉದ್ದಿಮೆದಾರರು ತಮ್ಮ ಆಪರೇಟರ್‌ಗಳನ್ನು ಸೂಕ್ತ ತರಬೇತಿಗೆ ಕಳುಹಿಸುವ ಬಗ್ಗೆ ಸದರಿ ಸಂಸ್ಥೆಗಳಲ್ಲಿ ನೇರವಾಗಿ ವಿಚಾರಿಸಬಹುದು.

ಸೂಚನೆ: ಈ ಲೇಖನದಲ್ಲಿನ ವೇಗ, ಫೀಡ್ ಮತ್ತು ದರಗಳು ಉದಾಹರಣೆಗಾಗಿ ಮಾತ್ರ. ಸಂಕೇತಗಳ ಅರ್ಥವು ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದಾದ ಕಾರಣ, ಯಂತ್ರ ಮತ್ತು ಕಟರ್ ತಯಾರಕರು ನೀಡಿರುವ ಕೈಪಿಡಿಯಲ್ಲಿನ ನಿರ್ದೇಶನಗಳೇ ಅಂತಿಮವಾಗಿರುತ್ತವೆ.